19 ಡಾಲರಿನಲ್ಲಿ ಸಿಇಒ ಪಾಲು ಎಷ್ಟು?

ನಮ್ಮ ಭಾವ ಇರುವುದು ಫ್ಲಾರಿಡಾದಲ್ಲಿ. ಅವರ ಮನೆಯ ಸೋಫಾ ಮೇಲೆ ಒಂದು ಹೊದಿಕೆ ಬಿದ್ದಿರುತ್ತದೆ. ಒಬ್ಬ ಸೈನಿಕ ಗಾಯಗೊಂಡ ಇನ್ನೊಬ್ಬನನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿರುವ ಚಿತ್ರ ಅದರ ಮೇಲಿದೆ. ಗಾಯಗೊಂಡ ಅಮೆರಿಕನ್ ಸೈನಿಕರಿಗೆ ನೆರವಾಗುವ ವೂಂಡೆಡ್ ವಾರಿಯರ್ ಪ್ರಾಜೆಕ್ಟ್ ಅನ್ನುವ ಚಾರಿಟಿಯ ಗುರುತು ಅದು. ಟಿವಿಯಲ್ಲಿ ಅವರ ಜಾಹೀರಾತು ಪದೇ ಪದೇ ಬರುತ್ತಿತ್ತು. ಕೈಕಾಲು ಕಳೆದುಕೊಂಡ ಹುಡುಗರು, ಪಕ್ಕದಲ್ಲಿ ಅವರ ಹೆಂಡತಿಯೋ ತಾಯಿಯೋ, ಟ್ರೇಸ್ ಆಡ್ಕಿನ್ಸ್ ಅನ್ನುವ ಹಾಡುಗಾರನ ದಪ್ಪ ದನಿ, ಕೊನೆಗೆ ತಿಂಗಳಿಗೆ ಬರೀ 19 ಡಾಲರ್ ಕೊಡಿ ಅನ್ನುವ ಕೋರಿಕೆ. ಕೊಟ್ಟವರಿಗೆ ಹೊದಿಕೆ ಬರುತ್ತಿತ್ತು. ಭಾವ ಕೊಟ್ಟರು. 2016ರ ಜನವರಿ ತನಕ ತಪ್ಪದೆ ಕೊಟ್ಟರು.

ಆ ತಿಂಗಳ ಕೊನೆಯ ವಾರ ಸಿಬಿಎಸ್ ಟಿವಿ ಮತ್ತು ನ್ಯೂಯಾರ್ಕ್ ಟೈಮ್ಸ್ ಎರಡರಲ್ಲೂ ಈ ಸಂಸ್ಥೆಯ ಮೇಲೆ ದೊಡ್ಡ ವರದಿ ಬಂತು. ಭಾವ ಅವತ್ತು ರಾತ್ರಿಯೇ ಫೋನ್ ಮಾಡಿದರು. ‘ನೋಡಿದ್ಯೇನಪ್ಪಾ, ಆ ಸಿಇಒಗೆ ವರ್ಷಕ್ಕೆ 4 ಲಕ್ಷ 73 ಸಾವಿರ ಡಾಲರ್ ಸಂಬಳವಂತೆ. ನನ್ನ ದುಡ್ಡಲ್ಲಿ ಅವನು ಮಜಾ ಮಾಡ್ತಾ ಇದಾನೆ’ ಅಂದರು. ಮಾರನೇ ದಿನ ಕಾರ್ಡಿನಿಂದ ಹೋಗುತ್ತಿದ್ದ ಹಣ ನಿಲ್ಲಿಸಿದರು.

ನನಗೆ ಬೇರೆಯವರ ಲೆಕ್ಕಪತ್ರ ಓದುವ ಚಟ. ಹೊಟ್ಟೆಪಾಡೂ ಅದೇ. ಅದಕ್ಕೇ ಭಾವನ ಸಿಟ್ಟು ಎಷ್ಟು ಸರಿ ಅಂತ ನೋಡಲು ಕೂತೆ. ಅವರ ಸಿಟ್ಟು ಪೂರ್ತಿ ತಪ್ಪಲ್ಲ. ಆದರೆ ಅವರು ಬೆರಳು ತೋರಿಸಿದ್ದು ಎಲ್ಲಕ್ಕಿಂತ ಸಣ್ಣ ಅಂಕಿಯ ಕಡೆಗೆ ಅಂತ ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮೊದಲು ಈ ಸಂಸ್ಥೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. 2003ರಲ್ಲಿ ವರ್ಜೀನಿಯಾದ ರೋನೋಕ್‌ನಲ್ಲಿ ಜಾನ್ ಮೆಲಿಯಾ ಅನ್ನುವವರು ಇದನ್ನು ಶುರು ಮಾಡಿದರು. ಅವರು ಮೊದಲು ಮರೀನ್ ಪಡೆಯಲ್ಲಿದ್ದವರು, 1992ರಲ್ಲಿ ಸೊಮಾಲಿಯಾ ಹತ್ತಿರ ಹೆಲಿಕಾಪ್ಟರ್ ಬಿದ್ದು ಗಾಯಗೊಂಡವರು. ಇರಾಕ್ ಯುದ್ಧದಿಂದ ಸ್ಟ್ರೆಚರ್ ಮೇಲೆ ಬರುತ್ತಿದ್ದ ಹುಡುಗರ ಹತ್ತಿರ ಉಟ್ಟ ಬಟ್ಟೆಯೂ ನೆಟ್ಟಗಿರುತ್ತಿರಲಿಲ್ಲ. ಇವರು ಒಂದು ಬ್ಯಾಗಿಗೆ ಕಾಲುಚೀಲ, ಒಳಬಟ್ಟೆ, ಸೋಪು, ಬ್ರಷ್ಷು, ಹಾಡು ಕೇಳಲು ಒಂದು ಸಿಡಿ ಪ್ಲೇಯರ್, ಇಸ್ಪೀಟು ಹಾಕಿ ಆಸ್ಪತ್ರೆ ಮಂಚದ ಹತ್ತಿರ ಕೊಟ್ಟು ಬರುತ್ತಿದ್ದರು. ಅಷ್ಟೇ ಕೆಲಸ. ಮನೆಯ ನೆಲಮಾಳಿಗೆಯಿಂದ ನಡೆಯುತ್ತಿದ್ದ ಸಂಸ್ಥೆ.

2009ರಲ್ಲಿ ಒಳಜಗಳವಾಗಿ ಮೆಲಿಯಾ ಹೊರಗೆ ಹೋದರು. ಸ್ಟೀವನ್ ನಾರ್ಡಿಜಿ ಸಿಇಒ ಆದರು. ಇವರು ವಕೀಲರು, ಸೈನ್ಯದಲ್ಲಿ ಇದ್ದವರಲ್ಲ. ಇವರ ಯೋಚನೆಯ ದಾರಿಯೇ ಬೇರೆ. ಚಾರಿಟಿ ಅಂದರೆ ಹರಿದ ಚಪ್ಪಲಿ, ಹಳೇ ಮೇಜು ಅನ್ನುವುದನ್ನು ಬಿಡಬೇಕು, ಕಂಪನಿ ಹಾಗೆ ನಡೆಸಬೇಕು, ಜಾಹೀರಾತಿಗೆ ಧಾರಾಳವಾಗಿ ಸುರಿಯಬೇಕು, ಸುರಿದಷ್ಟೂ ದೇಣಿಗೆ ಬೆಳೆಯುತ್ತದೆ, ಬೆಳೆದಷ್ಟೂ ಗಾಯಾಳುಗಳಿಗೆ ಸಿಗುವುದು ಜಾಸ್ತಿ. ಅವರ ಲೆಕ್ಕದಲ್ಲಿ ಅದು ನಡೆಯಿತು ಕೂಡ. ನ್ಯೂಯಾರ್ಕ್ ಟೈಮ್ಸ್ ಬರೆದ ಹಾಗೆ 2015ರಲ್ಲಿ ಬಂದ ದೇಣಿಗೆ 37 ಕೋಟಿ 20 ಲಕ್ಷ ಡಾಲರ್. ಅದರಲ್ಲಿ ಹೆಚ್ಚಿನ ಪಾಲು ದೊಡ್ಡ ಕುಳಗಳಿಂದ ಬಂದದ್ದಲ್ಲ. 65 ವರ್ಷ ದಾಟಿದ ಸಾಮಾನ್ಯ ಜನ ಚಿಲ್ಲರೆ ಚಿಲ್ಲರೆಯಾಗಿ ಕೊಟ್ಟಿದ್ದು. ನಮ್ಮ ಭಾವನಂಥವರು.

ವರದಿಗಳಲ್ಲಿ ಇದ್ದದ್ದು ಸಂಬಳ ಒಂದೇ ಅಲ್ಲ. ಕೊಲರಾಡೊದ ಬ್ರಾಡ್‌ಮೋರ್ ಅನ್ನುವ ಪಂಚತಾರಾ ಹೋಟೆಲಿನಲ್ಲಿ 2014ರಲ್ಲಿ ಸುಮಾರು 500 ನೌಕರರನ್ನು ಸೇರಿಸಿ ಒಂದು ಸಮಾವೇಶ ಮಾಡಿದ್ದರು. ಅಲ್ಲಿ ಸಿಇಒ ಎತ್ತರದ ಗೋಪುರದಿಂದ ಹಗ್ಗ ಹಿಡಿದು ಇಳಿದು ಬಂದು ನೌಕರರ ಮುಂದೆ ನಿಂತರಂತೆ. ಟಿವಿಯವರಿಗೆ ಇದಕ್ಕಿಂತ ಬೇಕಾ? ಅದೇ ಕಥೆ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಕೆಲಸ ಬಿಟ್ಟ ನೌಕರರು ಇದಕ್ಕೆ 30 ಲಕ್ಷ ಡಾಲರ್ ಖರ್ಚಾಯಿತು ಅಂದರು. ಸಮಾವೇಶ, ಸಭೆಗಳ ಒಟ್ಟು ಖರ್ಚು 2010ರಲ್ಲಿ 17 ಲಕ್ಷ ಡಾಲರ್ ಇದ್ದದ್ದು 2014ಕ್ಕೆ 2 ಕೋಟಿ 60 ಲಕ್ಷಕ್ಕೆ ಏರಿತ್ತು ಅಂತ ಸಿಬಿಎಸ್ ಹೇಳಿತು. ಚಾರಿಟಿ ನ್ಯಾವಿಗೇಟರ್ ಅನ್ನುವ ಅಳತೆ ಸಂಸ್ಥೆಯ ಪ್ರಕಾರ ಬಂದ ಹಣದಲ್ಲಿ ನೂರಕ್ಕೆ 60 ಮಾತ್ರ ಗಾಯಾಳುಗಳ ಕೆಲಸಕ್ಕೆ ಹೋಗುತ್ತಿತ್ತು, ಉಳಿದ 40 ಆಡಳಿತಕ್ಕೆ ಮತ್ತು ಹಣ ಎತ್ತುವುದಕ್ಕೆ. 2014ರಲ್ಲಿ ಆ 40 ಅಂದರೆ ಸುಮಾರು 12 ಕೋಟಿ 40 ಲಕ್ಷ ಡಾಲರ್.

ಸರಿ, ಈಗ ಪೆನ್ನು ಹಿಡಿಯೋಣ.

ಭಾವ ತಿಂಗಳಿಗೆ 19ರಂತೆ ವರ್ಷಕ್ಕೆ 228 ಡಾಲರ್ ಕೊಡುತ್ತಿದ್ದರು. 2014ರಲ್ಲಿ ಸಂಸ್ಥೆಗೆ ಬಂದದ್ದು 30 ಕೋಟಿ ಡಾಲರಿಗೂ ಜಾಸ್ತಿ. ಲೆಕ್ಕ ಸುಲಭವಾಗಲಿ ಅಂತ 30 ಕೋಟಿಯೇ ಹಿಡಿಯಿರಿ. ಅದರಲ್ಲಿ ಸಿಇಒ ಸಂಬಳ 4 ಲಕ್ಷ 73 ಸಾವಿರ. ಭಾವನ 228 ಡಾಲರಿನಲ್ಲಿ ಅವರ ಸಂಬಳಕ್ಕೆ ಹೋದದ್ದು 36 ಸೆಂಟು. ತಿಂಗಳಿಗೆ 3 ಸೆಂಟು. ನಾರ್ಡಿಜಿ ನಾಳೆಯಿಂದ ಒಂದು ಕಾಸೂ ಬೇಡ, ಸುಮ್ನೆ ಸೇವೆ ಮಾಡುತ್ತೇನೆ ಅಂದಿದ್ದರೂ ಗಾಯಾಳುಗಳಿಗೆ ಭಾವನ ಕಡೆಯಿಂದ ವರ್ಷಕ್ಕೆ 36 ಸೆಂಟು ಜಾಸ್ತಿ ಸಿಗುತ್ತಿತ್ತು.

ಅದೇ 228 ಡಾಲರಿನಲ್ಲಿ ನೂರಕ್ಕೆ 40 ಅಂದರೆ 91 ಡಾಲರ್.

ಭಾವನನ್ನು ಕೆರಳಿಸಿದ್ದು 36 ಸೆಂಟು. 91 ಡಾಲರಿನ ಬಗ್ಗೆ ಅವರು ಫೋನಿನಲ್ಲಿ ಒಂದು ಮಾತೂ ಆಡಲಿಲ್ಲ. ಇದರಲ್ಲಿ ಅವರ ದಡ್ಡತನ ಏನೂ ಇಲ್ಲ. ಸಂಬಳ ಅನ್ನುವುದು ಎಲ್ಲರಿಗೂ ಗೊತ್ತಿರುವ ಅಂಕಿ. ನಮ್ಮ ಸಂಬಳದ ಪಕ್ಕ ಇಟ್ಟು ನೋಡಬಹುದು, ಹೊಟ್ಟೆ ಉರಿಸಿಕೊಳ್ಳಬಹುದು. ಆ 91 ಡಾಲರ್ ಎಲ್ಲಿಗೆ ಹೋಯಿತು ಅಂತ ತಿಳಿಯಲು ಕೂತು ಓದಬೇಕು, ಓದಿದರೂ ಒಂದೇ ಉತ್ತರ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಅನ್ನುವುದೇ ಈ ಪ್ರಕರಣದ ಅಸಲಿ ವಿಷಯ. ಚಾರಿಟಿ ನ್ಯಾವಿಗೇಟರ್ 60 ಅಂದಿತು ಅಲ್ವಾ? ಸಂಸ್ಥೆ ತನ್ನ ಆಡಿಟ್ ಆದ ಲೆಕ್ಕ ತೋರಿಸಿ, ಅಲ್ಲ, 80.6 ಅಂದಿತು. ಮುಂದೆ ಸೆನೆಟರ್ ಚಕ್ ಗ್ರಾಸ್ಲಿ ವಿಚಾರಣೆ ಮಾಡಿ 2017ರ ಮೇ ತಿಂಗಳಲ್ಲಿ ವರದಿ ಕೊಟ್ಟಾಗ ಅದು 68ರ ಹತ್ತಿರ ಅಂದರು. ಒಂದೇ ಸಂಸ್ಥೆ, ಮೂರು ಅಂಕಿ. ಭಾವನ ಒಂದು ತಿಂಗಳ 19 ಡಾಲರಿನಲ್ಲಿ ಗಾಯಾಳುವಿಗೆ ತಲುಪಿದ್ದು 11 ಡಾಲರ್ 40 ಸೆಂಟೋ, 12 ಡಾಲರ್ 92 ಸೆಂಟೋ, 15 ಡಾಲರ್ 31 ಸೆಂಟೋ? ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ.

ವ್ಯತ್ಯಾಸ ಹೇಗೆ ಬಂತು ಅಂದರೆ, ಭಾವನ ಮನೆಗೆ ಬರುತ್ತಿದ್ದ ಕಾಗದವನ್ನೇ ತೆಗೆದುಕೊಳ್ಳಿ. ಅದರ ಅರ್ಧದಲ್ಲಿ ಯುದ್ಧದಿಂದ ಬಂದವರಿಗೆ ನಿದ್ದೆ ಬಾರದಿರುವುದು, ಸಿಡಿಮಿಡಿ, ಕುಡಿತ ಇವೆಲ್ಲ ಮನಸ್ಸಿನ ಗಾಯದ ಲಕ್ಷಣ ಇರಬಹುದು, ನಿಮ್ಮ ಅಕ್ಕಪಕ್ಕ ಅಂಥವರಿದ್ದರೆ ಹೀಗೆ ಮಾಡಿ ಅಂತ ಇರುತ್ತದೆ ಅಂದುಕೊಳ್ಳಿ. ಇನ್ನರ್ಧದಲ್ಲಿ ದುಡ್ಡು ಕಳಿಸಿ ಅಂತ. ಕಾಗದದ ಅಚ್ಚಿನ ಖರ್ಚು, ಅಂಚೆ ಖರ್ಚು ಯಾವ ಲೆಕ್ಕಕ್ಕೆ ಬರೆಯುತ್ತೀರಿ? ಜನರಿಗೆ ತಿಳಿವಳಿಕೆ ಕೊಟ್ಟದ್ದೂ ನಮ್ಮ ಸೇವೆಯೇ, ಆದ್ದರಿಂದ ಒಂದು ಪಾಲು ಸೇವೆಯ ಖಾತೆಗೆ ಅನ್ನುತ್ತಾರೆ. ಅಮೆರಿಕದ ಲೆಕ್ಕದ ನಿಯಮ ಕೆಲವು ಷರತ್ತು ಹಾಕಿ ಇದನ್ನು ಒಪ್ಪುತ್ತದೆ. ಇದರ ಹೆಸರು ಜಾಯಿಂಟ್ ಕಾಸ್ಟ್, ಜಂಟಿ ಖರ್ಚು. ಚಾರಿಟಿ ನ್ಯಾವಿಗೇಟರ್ ಇದನ್ನು ಒಪ್ಪಲಿಲ್ಲ. ಹಣ ಕೇಳುವ ಕಾಗದ ಹಣ ಕೇಳುವ ಕಾಗದವೇ ಅಂತ ಪೂರ್ತಿ ಖರ್ಚನ್ನು ಆ ಕಡೆಗೇ ಹಾಕಿತು. ಜೊತೆಗೆ ಟಿವಿಯವರು ಪುಕ್ಕಟೆ ಕೊಟ್ಟ ಜಾಹೀರಾತು ಸಮಯಕ್ಕೂ ಒಂದು ಬೆಲೆ ಕಟ್ಟಿ, ಇಷ್ಟು ದೇಣಿಗೆ ಬಂತು, ಅಷ್ಟನ್ನೂ ಸೇವೆಗೆ ಖರ್ಚು ಮಾಡಿದೆವು ಅಂತ ಎರಡೂ ಕಡೆ ತೋರಿಸಬಹುದು. ಕೈಯಿಂದ ಒಂದು ಡಾಲರೂ ಹೋಗದೆ ಶೇಕಡಾವಾರು ಮೇಲೇರುತ್ತದೆ. ಗ್ರಾಸ್ಲಿ ವರದಿ ಬೆರಳಿಟ್ಟದ್ದು ಇಂಥ ಕಡೆಯೇ.

ಇದು ಕಳ್ಳತನ ಅಲ್ಲ. ಆದರೆ ದೇಣಿಗೆ ಕೊಡುವವರ ಮುಂದೆ 80.6 ಅಂತ ಬೋರ್ಡು ಹಾಕುವಾಗ, ಅದರೊಳಗೆ ನಮ್ಮ ಜಾಹೀರಾತೂ ಸೇರಿದೆ ಅಂತ ಹೇಳಬೇಕಿತ್ತು. ನನಗೆ ಇಡೀ ಪ್ರಕರಣದಲ್ಲಿ ಸಿಟ್ಟು ಬರುವುದು ಇದಕ್ಕೆ. ಸಂಬಳವನ್ನು ಅವರು ಮುಚ್ಚಿಟ್ಟಿರಲಿಲ್ಲ. ಅಮೆರಿಕದಲ್ಲಿ ಫಾರ್ಮ್ 990 ಅಂತ ಒಂದಿದೆ, ಇಂಥ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಕೊಡಬೇಕು, ಯಾರು ಬೇಕಾದರೂ ಓದಬಹುದು. ಮೇಲಿನವರ ಸಂಬಳ ಹೆಸರಿನ ಸಮೇತ ಅದರ ಏಳನೇ ಭಾಗದಲ್ಲಿರುತ್ತದೆ. ಖರ್ಚಿನ ಹಂಚಿಕೆ ಒಂಬತ್ತನೇ ಭಾಗದಲ್ಲಿ, ಮತ್ತು ಜಂಟಿ ಖರ್ಚು ಆ ಪಟ್ಟಿಯ ತೀರಾ ಕೆಳಗೆ, 26ನೇ ಸಾಲಿನಲ್ಲಿ. ಏಳನೇ ಭಾಗ ನೋಡಿ ಸುದ್ದಿ ಮಾಡುವವರಲ್ಲಿ 26ನೇ ಸಾಲಿನ ತನಕ ಇಳಿಯುವವರು ಕಡಿಮೆ.

ಶೇಕಡಾವಾರು ಹೋಲಿಸುವಾಗ ಇನ್ನೊಂದು ಎಡವಟ್ಟಿದೆ. ಸಿಬಿಎಸ್ ಅವತ್ತು ಬೇರೆ ಎರಡು ಸೈನಿಕ ಚಾರಿಟಿಗಳ ಅಂಕಿ ಪಕ್ಕದಲ್ಲಿಟ್ಟು ತೋರಿಸಿತು, ಒಂದು ನೂರಕ್ಕೆ 96, ಇನ್ನೊಂದು 91. ನೋಡಿದ ಕೂಡಲೇ ವೂಂಡೆಡ್ ವಾರಿಯರ್ ಕಳ್ಳ ಅನ್ನಿಸುತ್ತದೆ. ಆದರೆ 96ರದ್ದು ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್‌ನ ಸೇವಾ ಟ್ರಸ್ಟು, ಅದರ ಕೆಲಸ ಬೇರೆ ಸಂಸ್ಥೆಗಳಿಗೆ ಹಣ ಹಂಚುವುದು. ಹಂಚುವುದಕ್ಕೆ ಎಷ್ಟು ಜನ ಬೇಕು? 91ರದ್ದು ಫಿಶರ್ ಹೌಸ್, ಸೈನಿಕ ಆಸ್ಪತ್ರೆಗಳ ಪಕ್ಕ ಮನೆ ಕಟ್ಟಿಸಿ ರೋಗಿಗಳ ಮನೆಯವರಿಗೆ ಪುಕ್ಕಟೆ ಇರಲು ಕೊಡುವ ಒಳ್ಳೆಯ ಸಂಸ್ಥೆ. ಕಟ್ಟಡ ಕಟ್ಟಿಸುವವರ ಲೆಕ್ಕವೇ ಬೇರೆ. ಊರೂರಲ್ಲಿ ಕಚೇರಿ ಇಟ್ಟುಕೊಂಡು ಒಬ್ಬೊಬ್ಬ ಸೈನಿಕನನ್ನೂ ಫೋನ್ ಮಾಡಿ ವಿಚಾರಿಸುವವರ ಲೆಕ್ಕವೇ ಬೇರೆ. ಅಡುಗೆ ಕಂಟ್ರಾಕ್ಟರ್ ಮತ್ತು ತರಕಾರಿ ಮಂಡಿ ಇಬ್ಬರದೂ ಊಟದ ವ್ಯಾಪಾರವೇ, ಹಾಗಂತ ಆಳಿನ ಖರ್ಚು ಇಬ್ಬರಿಗೂ ಒಂದೇ ಇರುತ್ತದಾ?

ಸಂಸ್ಥೆಯ ಆಡಳಿತ ಮಂಡಳಿ, ಅಂದರೆ ಬೋರ್ಡು, ಹೊರಗಿನ ವಕೀಲರನ್ನೂ ಲೆಕ್ಕ ಪರಿಶೋಧಕರನ್ನೂ ಕರೆಸಿ ತನಿಖೆ ಮಾಡಿಸಿತು. ಬ್ರಾಡ್‌ಮೋರ್ ಸಮಾವೇಶಕ್ಕೆ ಆದದ್ದು 30 ಲಕ್ಷ ಅಲ್ಲ, ಸುಮಾರು 9 ಲಕ್ಷ 70 ಸಾವಿರ ಡಾಲರ್ ಅಂತ ಗೊತ್ತಾಯಿತು. ತಲೆಗೆ ಸುಮಾರು 1,940 ಡಾಲರ್. ಕಡಿಮೆ ಅಲ್ಲ, ಆದರೆ ಸುದ್ದಿಯಾದದ್ದರ ಮೂರನೇ ಒಂದು ಪಾಲು. ಆ 2 ಕೋಟಿ 60 ಲಕ್ಷದಲ್ಲಿ ನೂರಕ್ಕೆ 94 ಪಾಲು ನೌಕರರ ಮೋಜಿಗೆ ಹೋದದ್ದಲ್ಲ, ಗಾಯಾಳುಗಳು ಮತ್ತು ಅವರ ಮನೆಯವರಿಗಾಗಿ ನಡೆಸಿದ ಶಿಬಿರ, ಕಾರ್ಯಕ್ರಮಗಳದ್ದು ಅಂತಲೂ ಬೋರ್ಡು ಹೇಳಿತು. ಇದು ಬೋರ್ಡಿನದೇ ಹೇಳಿಕೆ ಅನ್ನುವುದನ್ನೂ ನೆನಪಿಡಿ. ಆದರೆ ಒಂದು ವರ್ಷದ ನಂತರ ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಅನ್ನುವ ಇನ್ನೊಂದು ಹೊರಗಿನ ಸಂಸ್ಥೆ ಕೂಡ ನೋಡಿ ದುಂದುಗಾರಿಕೆಯ ಆರೋಪಕ್ಕೆ ಆಧಾರ ಕಾಣಲಿಲ್ಲ ಅಂದಿತು.

ಬೋರ್ಡು ಇಷ್ಟೆಲ್ಲ ಹೇಳಿದ್ದು 2016ರ ಮಾರ್ಚ್ 10ರಂದು. ಅದೇ ದಿನ ಬಂದ ಇನ್ನೊಂದು ಸುದ್ದಿ, ನಾರ್ಡಿಜಿ ಮತ್ತು ಅವರ ಕೆಳಗಿನ ಸಿಒಒ ಆಲ್ ಜಿಯೋರ್ಡಾನೊ ಇಬ್ಬರನ್ನೂ ತೆಗೆದಿದ್ದೇವೆ ಅಂತ! ಅಂದರೆ ಆರೋಪ ಉಬ್ಬಿಸಿದ್ದು ಅಂತ ಒಂದು ಕೈಯಲ್ಲಿ ಹೇಳಿ, ಇನ್ನೊಂದು ಕೈಯಲ್ಲಿ ಬಾಗಿಲು ತೋರಿಸಿದರು. ಸಂಸ್ಥೆ ಬೆಳೆದ ವೇಗಕ್ಕೆ ಒಳಗಿನ ಕಟ್ಟುಪಾಡು ಬೆಳೆದಿರಲಿಲ್ಲ ಅಂತ ಮಾತ್ರ ಒಪ್ಪಿಕೊಂಡರು. ಇನ್ನು ಮುಂದೆ ದೇಶದೊಳಗೆ ವಿಮಾನದಲ್ಲಿ ಎಲ್ಲರಿಗೂ ಇಕಾನಮಿ ಸೀಟೇ ಅಂತ ನಿಯಮ ಮಾಡಿದರು.

ನಾರ್ಡಿಜಿ ಮೇಲೆ ನನಗೆ ಅನುಕಂಪ ಏನೂ ಇಲ್ಲ. ಗಾಯಾಳು ಸೈನಿಕರ ಹೆಸರಲ್ಲಿ ನಿವೃತ್ತರ ಪಿಂಚಣಿಯಿಂದ ಹಣ ತರುವವನು ಗೋಪುರದಿಂದ ಹಗ್ಗ ಹಿಡಿದು ಇಳಿಯಬಾರದು, ಆ ಹಗ್ಗ ಯಾರೋ ಪುಕ್ಕಟೆ ಕೊಟ್ಟಿದ್ದರೂ ಸರಿ. ಇದು ಲೆಕ್ಕದ ಪ್ರಶ್ನೆ ಅಲ್ಲ, ಮರ್ಯಾದೆಯ ಪ್ರಶ್ನೆ. ಇನ್ನೂ ಒಂದು ವಿಷಯ ಇದೆ. ಚಾರಿಟಿಗಳ ದೊಡ್ಡ ಸಂಬಳವನ್ನೂ ಆಡಳಿತ ಖರ್ಚನ್ನೂ ಸಮರ್ಥಿಸುವ ಒಂದು ಗುಂಪಿಗೆ ಈ ಸಂಸ್ಥೆ ಒಂದೂವರೆ ಲಕ್ಷ ಡಾಲರ್ ಕೊಟ್ಟಿತ್ತು. ಆ ವಾದದಲ್ಲಿ ಸತ್ಯ ಇಲ್ಲದೇ ಇಲ್ಲ. 2013ರಲ್ಲಿ ಚಾರಿಟಿ ನ್ಯಾವಿಗೇಟರ್, ಚಾರಿಟಿಗಳ ಮಾಹಿತಿ ಕೊಡುವ ಗೈಡ್‌ಸ್ಟಾರ್, ಬಿಬಿಬಿ ಮೂವರೂ ಸೇರಿ ಆಡಳಿತ ಖರ್ಚಿನ ಶೇಕಡಾವಾರು ಒಂದನ್ನೇ ನೋಡಿ ದೇಣಿಗೆ ಕೊಡಬೇಡಿ ಅಂತ ಬಹಿರಂಗ ಪತ್ರ ಬರೆದಿದ್ದರು. ಆದರೆ ಆ ವಾದದ ಪ್ರಚಾರಕ್ಕೆ ಭಾವನ 19 ಡಾಲರಿನಿಂದ ಹಣ ಹೋಗುವುದು ಬೇರೆ ಮಾತು. ಭಾವ ಕೊಟ್ಟದ್ದು ಕಾಲು ಹೋದ ಹುಡುಗನಿಗೆ.

ದೇಣಿಗೆಗೆ ಏನಾಯಿತು ಅಂತ ನೋಡಿ. 2015ರಲ್ಲಿ 37 ಕೋಟಿ ದಾಟಿದ್ದದ್ದು 2017ರ ಹೊತ್ತಿಗೆ 21 ಕೋಟಿಯ ಆಸುಪಾಸಿಗೆ ಬಿತ್ತು. 16 ಕೋಟಿ ಡಾಲರ್ ಇಳಿತ. ಎಲ್ಲ ಈ ಸುದ್ದಿಯಿಂದಲೇ ಅಂತ ಬರೆದುಕೊಡಲಾರೆ, ಆದರೆ ದೊಡ್ಡ ಪಾಲು ಇದರದೇ. ಹೊಸ ಸಿಇಒ ಆಗಿ ನಿವೃತ್ತ ಲೆಫ್ಟಿನೆಂಟ್ ಜನರಲ್ ಮೈಕಲ್ ಲಿನಿಂಗ್ಟನ್ 2016ರ ಜುಲೈನಲ್ಲಿ ಬಂದರು, ಸಂಬಳ 2 ಲಕ್ಷ 80 ಸಾವಿರ. ಹಳೆಯವರಿಗಿಂತ 1 ಲಕ್ಷ 93 ಸಾವಿರ ಉಳಿತಾಯ. ಈ ಉಳಿತಾಯವನ್ನೂ ಆ 16 ಕೋಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾರ್ಡಿಜಿಗೆ ಆ ಹಳೇ ಸಂಬಳವನ್ನೇ ಸುಮಾರು 340 ವರ್ಷ ಕೊಡಬಹುದಾಗಿದ್ದಷ್ಟು ಹಣ ಎರಡು ವರ್ಷದೊಳಗೆ ಬಾರದೆ ಹೋಯಿತು.

ಯಾರ ತಲೆ ಮೇಲೆ ಬಿತ್ತು? ಅದೇ ವರ್ಷ ಲಿನಿಂಗ್ಟನ್ ಸುಮಾರು 85 ಜನರನ್ನು ಕೆಲಸದಿಂದ ತೆಗೆದರು, ಒಟ್ಟು ನೌಕರರಲ್ಲಿ ನೂರಕ್ಕೆ 15. ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು ಹೋದವು, ಅದು ಒಳ್ಳೆಯದೇ ಇರಬಹುದು. ಕೆಲವು ಕಚೇರಿ ಮುಚ್ಚಿದವು. ಮನಸ್ಸಿನ ಗಾಯದ ಚಿಕಿತ್ಸೆಯನ್ನು ಅವರು ಬಿಡಲಿಲ್ಲ, ಅದು ಅವರ ಪುಣ್ಯ. ಅದಕ್ಕೆ ಸ್ವಲ್ಪ ಹಿಂದೆ ತಾನೇ ಬಾಸ್ಟನ್, ಅಟ್ಲಾಂಟಾ, ಶಿಕಾಗೋ, ಲಾಸ್ ಏಂಜಲೀಸ್‌ನ ನಾಲ್ಕು ದೊಡ್ಡ ಆಸ್ಪತ್ರೆಗಳ ಜೊತೆ ಸೇರಿ ಒಂದು ಚಿಕಿತ್ಸಾ ಜಾಲ ಶುರು ಮಾಡಿದ್ದರು. ಮೂರು ವರ್ಷಕ್ಕೆ 10 ಕೋಟಿ ಡಾಲರಿನ ಯೋಜನೆ. ನಿಂತುಹೋದ ಆ 16 ಕೋಟಿಯಲ್ಲಿ ಇಂಥದ್ದು ಎಷ್ಟು ನಡೆಯಬಹುದಿತ್ತು ಅಂತ ನೀವೇ ಲೆಕ್ಕ ಹಾಕಿ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ.

ಇಲ್ಲಿ ಭಾವ ಒಂದು ಪಾಯಿಂಟ್ ಹಾಕಿದರು, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ‘2 ಲಕ್ಷ 80 ಸಾವಿರಕ್ಕೆ ಒಬ್ಬ ಜನರಲ್ಲೇ ಸಿಗ್ತಾನೆ ಅಂದ್ಮೇಲೆ ಆ ವಕೀಲನಿಗೆ ಯಾಕೆ 4 ಲಕ್ಷ 73 ಸಾವಿರ ಕೊಡ್ಬೇಕಿತ್ತು?’ ಒಳ್ಳೆಯ ಪ್ರಶ್ನೆ. ದೊಡ್ಡ ಸಂಬಳ ಕೊಡದಿದ್ದರೆ ಒಳ್ಳೆಯವರು ಬರುವುದಿಲ್ಲ ಅನ್ನುವ ಮಾತು ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ನಾನು ಆಮೇಲೆ ಹೇಳಿದ್ದು ಇಷ್ಟು. ‘ಭಾವ, ಆ ಜನರಲ್‌ಗೆ ಸೈನ್ಯದ ಪಿಂಚಣಿ ಬೇರೆ ಬರುತ್ತೆ. ಬೇರೆ ಆದಾಯ ಇದ್ದವರು ಮಾತ್ರ ಕಡಿಮೆ ಸಂಬಳಕ್ಕೆ ಬರೋಕಾಗೋದು. ನಾಳೆ ಬೋರ್ಡು ಅಂಥವರನ್ನೇ ಹುಡುಕುತ್ತಾ ಹೋದ್ರೆ ಚಾರಿಟಿ ನಡೆಸೋದು ಉಳ್ಳವರ ಹವ್ಯಾಸ ಆಗುತ್ತೆ.’ ಅವರು ಹೂಂ ಅಂದರು, ಒಪ್ಪಿದರು ಅಂತ ನನಗೇನೂ ಅನ್ನಿಸಲಿಲ್ಲ.

ಅದೇ ವಾರ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಅತ್ತಿಗೆ ಒಂದು ಪಟ್ಟಿ ಹಾಕಿದರು. ನೀವೂ ನೋಡಿರುತ್ತೀರಿ, ಇಂಗ್ಲಿಷಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಯುನಿಸೆಫ್ ಮುಖ್ಯಸ್ಥೆಗೆ 12 ಲಕ್ಷ ಡಾಲರ್ ಸಂಬಳ, ಮೇಲೆ ರೋಲ್ಸ್ ರಾಯ್ಸ್ ಕಾರು. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಕಮಿಷನರಿಗೆ ಬರೀ 13 ಸಾವಿರ. ಆದ್ದರಿಂದ ಯಾರಿಗೆ ಕೊಡಬೇಕು ನೀವೇ ನಿರ್ಧರಿಸಿ, ಇತ್ಯಾದಿ. ರೋಲ್ಸ್ ರಾಯ್ಸ್ ಕಟ್ಟುಕಥೆ, ಅಂಥ ಕಾರು ಇರಲೇ ಇಲ್ಲ. 13 ಸಾವಿರದಲ್ಲಿ ಅರ್ಧ ಸತ್ಯ ಮಾತ್ರ ಇದೆ. ಸಾಲ್ವೇಶನ್ ಆರ್ಮಿ ಅಧಿಕಾರಿಗಳಿಗೆ ವಾಸಕ್ಕೆ ಮನೆ ಸಂಸ್ಥೆಯೇ ಕೊಡುತ್ತದೆ, ಅದು ಸಂಬಳದ ಅಂಕಿಯಲ್ಲಿ ಕಾಣುವುದಿಲ್ಲ.

ಸಂಬಳದ ಅಂಕಿ ಎಷ್ಟು ಮೂಕ ಅನ್ನುವುದಕ್ಕೆ ಹಳೇ ಇನ್ನೊಂದು ಹೆಸರು ತರುತ್ತೇನೆ. ವಿಲಿಯಂ ಆರಮೋನಿ, ಯುನೈಟೆಡ್ ವೇ ಆಫ್ ಅಮೆರಿಕ ಅನ್ನುವ ಚಾರಿಟಿಯ ಮುಖ್ಯಸ್ಥ, 1970ರಿಂದ 1992ರ ತನಕ. ಸಂಬಳ, ಸವಲತ್ತು ಸೇರಿ ವರ್ಷಕ್ಕೆ 4 ಲಕ್ಷ 63 ಸಾವಿರ ಡಾಲರ್. ನಾರ್ಡಿಜಿಯದು 4 ಲಕ್ಷ 73 ಸಾವಿರ. (22 ವರ್ಷದ ಬೆಲೆಯೇರಿಕೆ ಲೆಕ್ಕ ಹಾಕಿದರೆ ಆರಮೋನಿಯದು ಎಷ್ಟೋ ಜಾಸ್ತಿ, ಆ ಮಾತು ಬಿಡಿ.) ಕಾಗದದ ಮೇಲೆ ಇಬ್ಬರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ. ಆರಮೋನಿ ಸಂಸ್ಥೆಯ ಹಣವನ್ನು ತನ್ನ ಸ್ವಂತಕ್ಕೆ, ಹದಿಹರೆಯದ ಗೆಳತಿಯ ಜೊತೆಗಿನ ತಿರುಗಾಟಕ್ಕೆ ಬಳಸಿದ್ದು ಕೋರ್ಟಿನಲ್ಲಿ ಸಾಬೀತಾಯಿತು. 1995ರಲ್ಲಿ 25 ಆರೋಪಗಳಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿ ಏಳು ವರ್ಷ ಜೈಲು ಶಿಕ್ಷೆ. ನಾರ್ಡಿಜಿ ಮೇಲೆ ಅಂಥ ಯಾವ ಕಳ್ಳತನವೂ ಸಾಬೀತಾಗಲಿಲ್ಲ. ಸಂಬಳದ ಕಾಲಮ್ಮು ಒಂದನ್ನೇ ನೋಡುತ್ತಿದ್ದರೆ ಇಬ್ಬರಲ್ಲಿ ಜೈಲಿಗೆ ಹೋಗುವವರು ಯಾರು ಅಂತ ನಿಮಗೆ ಗೊತ್ತಾಗುತ್ತಿರಲಿಲ್ಲ. ಆರಮೋನಿಯ ಕಳವು ನಡೆದದ್ದು ಸಂಬಳದ ಹೊರಗೆ.

ಹಾಗಾದರೆ ಸಂಬಳ ನೋಡಲೇಬಾರದಾ? ನೋಡಬೇಕು, ಆದರೆ ಅದಕ್ಕೆ ಬೇರೆ ಪ್ರಶ್ನೆ ಕೇಳಬೇಕು. ವರ್ಷಕ್ಕೆ ಐದು ಲಕ್ಷ ಡಾಲರ್ ಬರುವ ಸಣ್ಣ ಸಂಸ್ಥೆಯಲ್ಲಿ ಒಬ್ಬರೇ ಎರಡು ಲಕ್ಷ ತೆಗೆದುಕೊಂಡರೆ ಅದು ನಿಜವಾಗಲೂ ದೊಡ್ಡ ವಿಷಯ, ಅಲ್ಲಿ ನೂರಕ್ಕೆ 40 ಅವರೊಬ್ಬರ ಮನೆಗೇ ಹೋಯಿತು. ಸಂಬಳ ಗೊತ್ತು ಮಾಡಿದ್ದು ಯಾರು ಅನ್ನುವುದು ಎಷ್ಟು ಅನ್ನುವುದಕ್ಕಿಂತ ಮುಖ್ಯ. ಅಮೆರಿಕದ ನಿಯಮದಲ್ಲಿ ಇದಕ್ಕೊಂದು ದಾರಿ ಇದೆ. ಆ ಸಂಬಳದಲ್ಲಿ ಸ್ವಂತ ಹಿತಾಸಕ್ತಿ ಇಲ್ಲದ ಬೋರ್ಡು ಸದಸ್ಯರು ಕೂತು, ಇದೇ ಗಾತ್ರದ ಬೇರೆ ಸಂಸ್ಥೆಗಳು ಎಷ್ಟು ಕೊಡುತ್ತವೆ ಅಂತ ನೋಡಿ, ಕಾರಣ ಬರೆದಿಟ್ಟರೆ ಅದು ಸರಿಯಾದ ಸಂಬಳ ಅಂತ ಇಲಾಖೆ ಮೊದಲಿಗೆ ಒಪ್ಪುತ್ತದೆ. ಮಿತಿಮೀರಿ ತೆಗೆದುಕೊಂಡದ್ದು ಗೊತ್ತಾದರೆ ತೆಗೆದುಕೊಂಡವರೇ ದಂಡ ಕಟ್ಟಬೇಕು. 2018ರಿಂದ ಸಂಬಳ 10 ಲಕ್ಷ ಡಾಲರ್ ದಾಟಿದರೆ, ದಾಟಿದಷ್ಟರ ಮೇಲೆ ಸಂಸ್ಥೆಯೇ ನೂರಕ್ಕೆ 21 ತೆರಿಗೆ ಕಟ್ಟಬೇಕು ಅಂತಲೂ ಬಂದಿದೆ.

ನಮ್ಮಲ್ಲಿ ಸರ್ಕಾರ ಹಿಡಿದ ದಾರಿ ಬೇರೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ ಆಡಳಿತ ಖರ್ಚಿನ ಮಿತಿ ನೂರಕ್ಕೆ 50 ಇತ್ತು, 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿಯಲ್ಲಿ 20ಕ್ಕೆ ಇಳಿಸಿದರು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆಸ್ಪತ್ರೆ ಡಾಕ್ಟರ ಸಂಬಳ, ಶಾಲೆ ಮೇಷ್ಟ್ರ ಸಂಬಳ ಆಡಳಿತಕ್ಕೆ ಸೇರುವುದಿಲ್ಲ, ಲೆಕ್ಕ ಬರೆಯುವವರ ಸಂಬಳ ಸೇರುತ್ತದೆ. ಹಾಗಾಗಿ ಶಾಲೆ ನಡೆಸುವವರಿಗೆ 20 ಧಾರಾಳ. ಕಾನೂನು ನೆರವು ಕೊಡುವವರು, ಸಣ್ಣಸಣ್ಣ ಸಂಘಗಳನ್ನು ಜೋಡಿಸುವವರು ಪರದಾಡುತ್ತಾರೆ. ಮಿತಿ ಹಾಕಿದ ಕಡೆ ಖರ್ಚು ಕಡಿಮೆಯಾಗುವುದಕ್ಕಿಂತ ಮೊದಲು ಖರ್ಚಿನ ಹೆಸರು ಬದಲಾಗುತ್ತದೆ. ನಾನು ಇದೇ ಕೆಲಸದಲ್ಲಿರುವವನು, ಹೇಗೆ ಬದಲಾಗುತ್ತದೆ ಅಂತ ಬಿಡಿಸಿ ಹೇಳುವುದು ಬೇಡ.

ಭಾವ ಮತ್ತೆ ಕೊಡುವುದಿಲ್ಲ ಅಂತ ನಾನಂದುಕೊಂಡಿದ್ದೆ. ಹೋದ ಸಲ ಬಂದಾಗ ಹೇಳಿದರು, ಈಗ ಒಂದು ಸಣ್ಣ ಸಂಸ್ಥೆಗೆ ತಿಂಗಳಿಗೆ 25 ಡಾಲರ್ ಕೊಡುತ್ತಿದ್ದಾರಂತೆ. ಪರಿಚಯದವರೇ ನಡೆಸುವುದು, ಯಾರಿಗೂ ಒಂದು ಪೈಸೆ ಸಂಬಳ ಇಲ್ಲ. ‘ಇದಲ್ವಾ ಸೇವೆ ಅಂದ್ರೆ’ ಅಂದರು. ನಾನು ಫೋನ್ ತೆಗೆದು ಅಲ್ಲೇ ಹುಡುಕಿದೆ. ವರ್ಷಕ್ಕೆ 50 ಸಾವಿರ ಡಾಲರಿನೊಳಗೆ ಬರುವ ಸಂಸ್ಥೆಗಳು ಪೂರ್ತಿ ಫಾರ್ಮ್ 990 ಕೊಡಬೇಕಾಗಿಲ್ಲ, ಅದರ ಬದಲು ಇ-ಪೋಸ್ಟ್‌ಕಾರ್ಡ್ ಅಂತ ಒಂದು ತುಂಬಿದರೆ ಸಾಕು. ಇವರದೂ ಅದೇ. ಹೆಸರು, ವಿಳಾಸ, ಮುಖ್ಯಸ್ಥರು ಯಾರು. ಎಷ್ಟು ಬಂತು, ಎಲ್ಲಿ ಹೋಯಿತು ಅಂತ ಒಂದು ಸಾಲೂ ಇಲ್ಲ.

‘ಭಾವ, ಖರ್ಚಿನ ಲೆಕ್ಕ ಏನಾದ್ರೂ ಕಳಿಸಿದಾರಾ ನಿಮಗೆ?’

‘ಸಂಬಳನೇ ತಗೊಳ್ಳಲ್ಲ ಕಣೋ ಅವರು, ಲೆಕ್ಕ ಯಾಕೆ ಕೇಳ್ಲಿ?’

ಅತ್ತಿಗೆ ಕಾಫಿ ತಂದಿಟ್ಟರು. ಮಾತು ಅಲ್ಲಿಗೇ ನಿಂತಿತು.